ಒಂದೇ ಲೈಬ್ರರಿ, ಹಲವು ಪ್ರೊಸೆಸರ್: ಗ್ನೂ ಸಿ ಲೈಬ್ರರಿಯ ಸ್ವಯಂಚಾಲಿತ ಪರೀಕ್ಷೆ

ಸರ್ವರ್‌ಗಳಲ್ಲಿಯೂ ಮೇಜಿನ ಮೇಲಿನ ಗಣಕಯಂತ್ರಗಳಲ್ಲಿಯೂ ಬಳಕೆಯಾಗುವ ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳ ತಳದಲ್ಲಿ ಒಂದು ತಂತ್ರಾಂಶ ಲೈಬ್ರರಿ ಇರುತ್ತದೆ. ಕಡತ ತೆರೆಯುವುದು, ಮೆಮೊರಿಯಲ್ಲಿ ಜಾಗ ಪಡೆಯುವುದು, ವೇಳೆ ಕೇಳುವುದು, ವರ್ಗಮೂಲ ಕಂಡುಹಿಡಿಯುವುದು ಮುಂತಾದ ದೈನಂದಿನ ಕೆಲಸಗಳಿಗೆ ಉಳಿದ ತಂತ್ರಾಂಶಗಳು ಇದನ್ನೇ ಅವಲಂಬಿಸಿವೆ. ಇದರ ಪೂರ್ಣ ಹೆಸರು ಗ್ನೂ ಸಿ ಲೈಬ್ರರಿ. ತಂತ್ರಜ್ಞರ ಬಾಯಲ್ಲಿ ಜಿಲಿಬ್‌ಸಿ. 1980ರ ದಶಕದ ಉತ್ತರಾರ್ಧದಲ್ಲಿ ರೋಲಂಡ್ ಮೆಕ್‌ಗ್ರಾತ್ ಅವರು ಆರಂಭಿಸಿದ ಈ ಯೋಜನೆ ಇಂದಿಗೂ ವರ್ಷಕ್ಕೆರಡು ಹೊಸ ಆವೃತ್ತಿಗಳನ್ನು ಹೊರತರುತ್ತಿದೆ. ವಾರ ಹಾಗೂ ತಿಂಗಳುಗಳ ಹೆಸರನ್ನು ಕನ್ನಡದಲ್ಲಿ ತೋರಿಸಲು ಬೇಕಾದ ಮಾಹಿತಿ ಕಡತವೂ ಇದರೊಳಗೆ ಸೇರಿದೆ. (ಆಂಡ್ರಾಯ್ಡ್ ಫೋನುಗಳು ಮಾತ್ರ ಬಯೋನಿಕ್ ಎಂಬ ಬೇರೊಂದು ಲೈಬ್ರರಿಯನ್ನು ಬಳಸುತ್ತವೆ.)

ಇಂಥ ಲೈಬ್ರರಿಯಲ್ಲಿ ಒಂದು ಸಾಲು ಬದಲಾದರೆ ಅದರ ಪರಿಣಾಮ ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗಷ್ಟೇ ಸೀಮಿತವಾಗುವುದಿಲ್ಲ. ಆರ್ಮ್, ಪವರ್‌ಪಿಸಿ, ಐಬಿಎಂನ ಬೃಹತ್ ಗಣಕಗಳ ಎಸ್390, ರಿಸ್ಕ್-ವಿ, ಚೀನಾದ ಲೂಂಗ್‌ಆರ್ಚ್ ಹೀಗೆ ಹತ್ತಾರು ಬಗೆಯ ಯಂತ್ರಾಂಶಗಳ ಮೇಲೆ ಅದೇ ಸಾಲು ಓಡಬೇಕು. ತಿದ್ದುಪಡಿ ಬರೆದವರ ಮೇಜಿನ ಮೇಲೆ ಸಾಮಾನ್ಯವಾಗಿ ಇರುವುದು ಒಂದೇ ಬಗೆಯ ಯಂತ್ರ. ತೊಡಕು ಇರುವುದೇ ಇಲ್ಲಿ.

ಭೇದ ಎಲ್ಲಿದೆ?

ಸಿ ಭಾಷೆಯಲ್ಲಿ ಬರೆದ ಒಂದೇ ಕಾರ್ಯಕ್ರಮ ಎರಡು ಪ್ರೊಸೆಸರ್‌ಗಳಲ್ಲಿ ಎರಡು ರೀತಿ ವರ್ತಿಸಲು ಸಾಧ್ಯ. 3-4 ಎಂಬ ದಿನಾಂಕವನ್ನು ಭಾರತೀಯರು ಏಪ್ರಿಲ್ 3 ಎಂದು ಓದಿದರೆ ಅಮೆರಿಕನ್ನರು ಮಾರ್ಚ್ 4 ಎಂದು ಓದುತ್ತಾರೆ. ಗಣಕಗಳಲ್ಲಿಯೂ ಇಂಥದೇ ಭೇದವಿದೆ. 258 ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಇಡುವಾಗ ಎಸ್390 ಯಂತ್ರವು 1, 2 ಎಂಬ ಕ್ರಮದಲ್ಲಿ ಇಡುತ್ತದೆ. ಇಂಟೆಲ್ ಯಂತ್ರವು 2, 1 ಎಂದು ಇಡುತ್ತದೆ. ಒಂದರ ಕ್ರಮವನ್ನು ಇನ್ನೊಂದು ತನ್ನದೆಂದು ಭಾವಿಸಿ ಓದಿದರೆ ಸಿಗುವುದು 513.

ಅಕ್ಷರ ಹಿಡಿದಿಡುವ ಒಂದು ಬೈಟ್‌ನಲ್ಲಿ 255 ಇದ್ದರೆ ಲಿನಕ್ಸ್‌ನಡಿ ಇಂಟೆಲ್ ಯಂತ್ರದಲ್ಲಿ ಅದು ಮೈನಸ್ 1 ಎಂದಾಗುತ್ತದೆ. ಆರ್ಮ್‌ನಲ್ಲಿ 255 ಆಗಿಯೇ ಉಳಿಯುತ್ತದೆ. ದಶಮಾಂಶ ಲೆಕ್ಕಗಳ ನಿಖರತೆಯೂ ಯಂತ್ರದಿಂದ ಯಂತ್ರಕ್ಕೆ ಭಿನ್ನ. ಆದಕಾರಣ ಸೈನ್, ಲಾಗರಿದಮ್‌ನಂಥ ಗಣಿತ ಕಾರ್ಯಗಳ ಉತ್ತರದಲ್ಲಿ ಕೊನೆಯ ಅಂಕೆಯ ಮಟ್ಟಿಗೆ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬುದನ್ನು ಜಿಲಿಬ್‌ಸಿ ಪ್ರತಿ ಯಂತ್ರಾಂಶಕ್ಕೂ ಪ್ರತ್ಯೇಕ ಕಡತದಲ್ಲಿ ಬರೆದಿಟ್ಟುಕೊಂಡಿದೆ. ಆ ಮಿತಿ ಮೀರಿದರೆ ಪರೀಕ್ಷೆ ಅನುತ್ತೀರ್ಣ.

ಪರೀಕ್ಷೆಯ ವಿಧಾನ

ಜಿಲಿಬ್‌ಸಿಯ ಮೂಲ ಕಡತಗಳೊಂದಿಗೇ ಸಾವಿರಾರು ಪುಟ್ಟ ಪರೀಕ್ಷಾ ಕಾರ್ಯಕ್ರಮಗಳಿವೆ. ಒಂದು ಆದೇಶ ನೀಡಿದರೆ ಅವೆಲ್ಲವೂ ತಾವಾಗಿಯೇ ಸಿದ್ಧಗೊಂಡು, ಓಡಿ, ಫಲಿತಾಂಶ ಬರೆದಿಡುತ್ತವೆ. ಉತ್ತೀರ್ಣ, ಅನುತ್ತೀರ್ಣ ಎಂಬ ಎರಡೇ ಉತ್ತರಗಳಿಲ್ಲ. ಮೊದಲೇ ಗೊತ್ತಿದ್ದ ವೈಫಲ್ಯ, ಸೋಲಬೇಕಿದ್ದದ್ದು ಅನಿರೀಕ್ಷಿತವಾಗಿ ಗೆದ್ದದ್ದು, ಈ ಯಂತ್ರದಲ್ಲಿ ನಡೆಸಲಾಗದ್ದು ಎಂಬ ವರ್ಗಗಳೂ ಇವೆ. ಕೊನೆಯ ವರ್ಗವನ್ನು ಅನೇಕರು ಗಮನಿಸುವುದೇ ಇಲ್ಲ. ನಡೆಯದ ಪರೀಕ್ಷೆ ಉತ್ತೀರ್ಣವಾದಂತಲ್ಲ ಎಂಬುದು ಮರೆತುಹೋಗುತ್ತದೆ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ 20 ಸೆಕೆಂಡುಗಳ ಗಡುವು. ನಿಧಾನಗತಿಯ ಯಂತ್ರಗಳಿಗೆ ಈ ಗಡುವನ್ನು ಇಷ್ಟು ಪಟ್ಟು ಹಿಗ್ಗಿಸಬೇಕೆಂದು ಸೂಚಿಸುವ ಅವಕಾಶವಿದೆ.

ಅಕ್ಷರ ಸಾಲುಗಳನ್ನು ನಿರ್ವಹಿಸುವ ಕಾರ್ಯಗಳ ಪರೀಕ್ಷೆ ವಿಶೇಷ ರೀತಿಯದು. ಮಾಹಿತಿಯ ಅಂಚಿಗೆ ಹೊಂದಿಕೊಂಡಂತೆ ಯಾರೂ ಮುಟ್ಟಬಾರದ ಮೆಮೊರಿ ಪುಟವೊಂದನ್ನು ಇರಿಸಲಾಗುತ್ತದೆ. ಲೈಬ್ರರಿ ಒಂದೇ ಒಂದು ಬೈಟ್‌ನಷ್ಟು ಹೆಚ್ಚಿಗೆ ಓದಿದರೂ ಕಾರ್ಯಕ್ರಮ ಅಲ್ಲಿಯೇ ಕುಸಿದು, ತಪ್ಪು ಬಯಲಾಗುತ್ತದೆ.

2016ರಲ್ಲಿ ಈ ಲೈಬ್ರರಿಯ ನಿರ್ವಾಹಕರಲ್ಲಿ ಒಬ್ಬರಾದ ಜೋಸೆಫ್ ಮೈಯರ್ಸ್ ಅವರು ಹತ್ತಾರು ಯಂತ್ರ ವಿನ್ಯಾಸಗಳಿಗೆ ಒಂದೇ ಗಣಕದಲ್ಲಿ ಜಿಲಿಬ್‌ಸಿ ಕಟ್ಟಿಕೊಡುವ ಪೈಥಾನ್ ಕಾರ್ಯಕ್ರಮವನ್ನು ಸೇರಿಸಿದರು. ಇದು ಕಂಪೈಲ್ ಹಂತದ ತಪ್ಪುಗಳನ್ನು ಹಿಡಿಯುತ್ತದೆಯೇ ಹೊರತು ಬೇರೆ ಪ್ರೊಸೆಸರ್‌ಗೆ ಸಿದ್ಧವಾದ ಪರೀಕ್ಷೆಗಳನ್ನು ಓಡಿಸುವುದಿಲ್ಲ. ಓಡಿಸಬೇಕೆಂದರೆ ಆ ಪ್ರೊಸೆಸರ್ ಇರುವ ಯಂತ್ರಕ್ಕೆ ಜಾಲದ ಮೂಲಕ ಪರೀಕ್ಷೆಯನ್ನು ಕಳುಹಿಸಿ ಉತ್ತರ ತರಿಸಿಕೊಳ್ಳಬೇಕು. ಇಲ್ಲವೇ 2003ರಲ್ಲಿ ಫಾಬ್ರಿಸ್ ಬೆಲ್ಲಾರ್ ಹೊರತಂದ ಕ್ಯುಎಂಯುವಿನಂಥ ಅನುಕರಣ ತಂತ್ರಾಂಶದ ಮೊರೆಹೋಗಬೇಕು. ಅನುಕರಣವನ್ನು ಪೂರ್ತಿ ನಂಬುವಂತಿಲ್ಲ. ಮೆಮೊರಿಗೆ ಬರೆಯುವ ಕ್ರಮವನ್ನು ಇಂಟೆಲ್ ಪ್ರೊಸೆಸರ್‌ಗಳು ಬಿಗಿಯಾಗಿ ಪಾಲಿಸುತ್ತವೆ. ಆರ್ಮ್ ಅಷ್ಟು ಕಟ್ಟುನಿಟ್ಟಲ್ಲ. ಇಂಟೆಲ್ ಮೇಲೆ ಆರ್ಮ್ ಅನ್ನು ಅನುಕರಿಸಿದಾಗ ಆ ಸಡಿಲಿಕೆಯಿಂದ ಹುಟ್ಟುವ ದೋಷಗಳು ತಲೆಯೆತ್ತದೇ ಇರಬಹುದು.

ಈಚಿನ ವರ್ಷಗಳಲ್ಲಿ ತಿದ್ದುಪಡಿಯನ್ನು ಮೇಲಿಂಗ್ ಲಿಸ್ಟ್‌ಗೆ ಕಳುಹಿಸಿದೊಡನೆ ಲಿನಾರೊ ಸಂಸ್ಥೆಯ ಯಂತ್ರಗಳು ಅದನ್ನು ಆರ್ಮ್‌ನ 32 ಮತ್ತು 64 ಬಿಟ್ ವಿನ್ಯಾಸಗಳಲ್ಲಿ ತಾವಾಗಿಯೇ ಪರೀಕ್ಷಿಸಿ ವರದಿ ನೀಡುವ ವ್ಯವಸ್ಥೆ ಬಂದಿದೆ.

ಕಣ್ತಪ್ಪಿದ ಪ್ರಕರಣಗಳು

2010ರಲ್ಲಿ ಫೆಡೋರಾ 14 ಬಿಡುಗಡೆಯಾಗುವ ಹೊತ್ತಿಗೆ 64 ಬಿಟ್ ಯಂತ್ರಗಳಲ್ಲಿ ಅಡೋಬಿ ಫ್ಲ್ಯಾಶ್‌ನ ಧ್ವನಿ ಒಡೆದು ಕೇಳಿಸತೊಡಗಿತು. ಮೆಮೊರಿಯ ಒಂದೆಡೆಯಿಂದ ಇನ್ನೊಂದೆಡೆಗೆ ಮಾಹಿತಿ ನಕಲಿಸುವ ಮೆಮ್‌ಕಾಪಿ ಎಂಬ ಕಾರ್ಯವನ್ನು ಕೆಲವು ಪ್ರೊಸೆಸರ್‌ಗಳಲ್ಲಿ ವೇಗಗೊಳಿಸಲು ಹಿಂದಿನಿಂದ ಮುಂದಕ್ಕೆ ನಕಲಿಸುವಂತೆ ಬದಲಿಸಲಾಗಿತ್ತು. ಮೂಲವೂ ಗುರಿಯೂ ಒಂದರ ಮೇಲೊಂದು ಬಿದ್ದಿರುವಾಗ ಮೆಮ್‌ಕಾಪಿ ಬಳಸಬಾರದು ಎಂಬುದು ಸಿ ಭಾಷೆಯ ನಿಯಮ, ಫ್ಲ್ಯಾಶ್ ಬಳಸುತ್ತಿತ್ತು. ನಿಯಮದ ಪ್ರಕಾರ ಲೈಬ್ರರಿಯದು ತಪ್ಪಲ್ಲ. ಆದರೂ ಬಳಕೆದಾರನಿಗೆ ಕೆಟ್ಟು ಕಂಡದ್ದು ಅವನ ಗಣಕವೇ ಎಂಬ ದಿಕ್ಕಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿ ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತೆನ್ನಬೇಕು. 2011ರಲ್ಲಿ ಬಂದ 2.14ನೇ ಆವೃತ್ತಿಯಲ್ಲಿ ಹಳೆಯ ತಂತ್ರಾಂಶಗಳಿಗೆ ಸುರಕ್ಷಿತ ನಕಲು ವಿಧಾನವನ್ನೂ ಹೊಸದಾಗಿ ಕಟ್ಟಿದವಕ್ಕೆ ವೇಗದ ವಿಧಾನವನ್ನೂ ಒದಗಿಸಿ ವಿವಾದ ತಣಿಸಲಾಯಿತು. ಒಂದೇ ವಿನ್ಯಾಸದೊಳಗೂ ಪ್ರೊಸೆಸರ್ ಮಾದರಿಗೆ ತಕ್ಕಂತೆ ಬೇರೆ ಬೇರೆ ನಕಲು ಕಾರ್ಯಗಳು ಇರುತ್ತವೆ. ಪರೀಕ್ಷಾ ಯಂತ್ರದ ಪ್ರೊಸೆಸರ್‌ಗೆ ಒಗ್ಗುವ ಎಲ್ಲ ರೂಪಗಳನ್ನೂ ಪರೀಕ್ಷೆಗಳು ಒಂದೊಂದಾಗಿ ಕರೆದು ನೋಡುತ್ತವೆ.

ಇನ್ನೂ ಗಂಭೀರವಾದದ್ದು 2020ರಲ್ಲಿ ಬೆಳಕಿಗೆ ಬಂದ ಪ್ರಕರಣ. ಜಾಲಸಂಪರ್ಕವುಳ್ಳ ವಾಹನವೊಂದರ ಭದ್ರತೆಯನ್ನು ಪರಿಶೀಲಿಸುತ್ತಿದ್ದ ಸಿಸ್ಕೋ ತಂಡಕ್ಕೆ ಆರ್ಮ್ ವಿ7 ಪ್ರೊಸೆಸರ್‌ಗಳ ಮೆಮ್‌ಕಾಪಿಯಲ್ಲಿ ದೋಷ ಕಂಡಿತು. ಎಷ್ಟು ಬೈಟ್ ನಕಲಿಸಬೇಕೆಂಬ ಸಂಖ್ಯೆ ಎಂದಿಗೂ ಋಣವಾಗುವುದಿಲ್ಲ. ಅಸೆಂಬ್ಲಿ ಭಾಷೆಯಲ್ಲಿ ಬರೆದ ಆ ಕಾರ್ಯ ಮಾತ್ರ ಅದನ್ನು ಋಣಚಿಹ್ನೆಯುಳ್ಳ ಸಂಖ್ಯೆಯಂತೆ ಹೋಲಿಸುತ್ತಿತ್ತು. 200 ಕೋಟಿಗೂ ಮಿಕ್ಕ ಗಾತ್ರ ಬಂದಾಗ ಅದು ಋಣಸಂಖ್ಯೆಯಾಗಿ ತೋರಿ, ಕುಸಿದು ನಿಲ್ಲಬೇಕಿದ್ದ ಕಾರ್ಯಕ್ರಮ ಹಾಳಾದ ಮೆಮೊರಿಯೊಂದಿಗೆ ಮುಂದುವರಿಯುತ್ತಿತ್ತು. ದಾಳಿಕೋರನಿಗೆ ಬೇಕಾದದ್ದೂ ಅದೇ. ಇಂಟೆಲ್ ಯಂತ್ರದ ಮುಂದೆ ಕುಳಿತವರಿಗೆ ಈ ದೋಷ ಕಾಣುವ ಸಂಭವವೇ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ 2.32ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು.

2038ರ ಗಡುವು

32 ಬಿಟ್ ಯಂತ್ರಗಳು 1970ರಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ ಪದ್ಧತಿ 2038ರ ಜನವರಿ 19ರಂದು ತನ್ನ ಮಿತಿ ಮುಟ್ಟುತ್ತದೆ. 2021ರ 2.34ನೇ ಆವೃತ್ತಿಯಿಂದ ಇಂಥ ಯಂತ್ರಗಳಲ್ಲಿಯೂ 64 ಬಿಟ್ ಕಾಲಗಣನೆಗೆ ಅವಕಾಶವಾಗಿದೆ. ಅದರ ಫಲವಾಗಿ ವೇಳೆಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಹಳೆಯ ಅಳತೆಗೊಮ್ಮೆ, ಹೊಸ ಅಳತೆಗೊಮ್ಮೆ ನಡೆಸಬೇಕಾಗಿದೆ.

ಪಟ್ಟಿಗೆ ಹೊಸ ಯಂತ್ರಗಳು ಸೇರುತ್ತಲೇ ಇವೆ. 64 ಬಿಟ್ ರಿಸ್ಕ್-ವಿ 2018ರಲ್ಲಿ, ಲೂಂಗ್‌ಆರ್ಚ್ 2022ರಲ್ಲಿ ಬಂದವು. ಪ್ರತಿ ಬಿಡುಗಡೆಗೂ ಮುನ್ನ ಆಯಾ ವಿನ್ಯಾಸದ ಹೊಣೆ ಹೊತ್ತವರು ನಿಜವಾದ ಯಂತ್ರದಲ್ಲಿ ಪರೀಕ್ಷೆ ನಡೆಸಿ ಫಲಿತಾಂಶ ದಾಖಲಿಸುವುದು ರೂಢಿ. ಹಾಗೆ ಹೊಣೆ ಹೊರುವವರು ಉಳಿಯದಿದ್ದರೆ ವಿನ್ಯಾಸವೇ ಹೊರಬೀಳುತ್ತದೆ. ಇಂಟೆಲ್ ಮತ್ತು ಎಚ್‌ಪಿ ಒಂದು ಕಾಲದಲ್ಲಿ ಭಾರಿ ಭರವಸೆ ಇಟ್ಟಿದ್ದ ಇಟೇನಿಯಂ ಪ್ರೊಸೆಸರ್‌ನ ಬೆಂಬಲವನ್ನು 2024ರ ಆರಂಭದಲ್ಲಿ ಬಂದ 2.39ನೇ ಆವೃತ್ತಿಯಲ್ಲಿ ಕೈಬಿಡಲಾಯಿತು.