ವೋಲ್ಟೇಜ್ ಎಲ್ಲಿ ಸೋರಿತು?

ಬೆಂಗಳೂರು-ಹೊನ್ನಾವರದ ಬಿ.ಎಚ್. ರಸ್ತೆಯಲ್ಲಿ ಅಡಿಕೆ, ತೆಂಗಿನಕಾಯಿ ಹೊತ್ತು ಓಡಾಡಿದ ಹಳೆಯ ಡೀಸೆಲ್ ಲಾರಿಗಳಿಗೆ ಬ್ಯಾಟರಿಯ ಋಣವೇನಿದ್ದರೂ ಸೆಲ್ಫ್ ಹೊಡೆಯುವಷ್ಟು ಹೊತ್ತು. ಇಂಜಿನ್ ಒಮ್ಮೆ ಹಿಡಿಯಿತೆಂದರೆ ಬ್ಯಾಟರಿ ಸತ್ತರೂ ಗಾಡಿ ಊರು ಮುಟ್ಟುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ ಕಂಪನಿ ಆ ಕಾಲಕ್ಕೆ ತಯಾರಿಸುತ್ತಿದ್ದ ಡೀಸೆಲ್ ಪಂಪು ಪೂರಾ ಯಾಂತ್ರಿಕ. ಅದಕ್ಕೆ ವೋಲ್ಟೇಜಿನ ಹಂಗಿರಲಿಲ್ಲ. ಇವತ್ತು ಅದೇ ರಸ್ತೆಯಲ್ಲಿ ಅಜ್ಜಂಪುರದ ಈರುಳ್ಳಿ ಹೇರಿಕೊಂಡು ಹೋಗುವ ಬಿಎಸ್-6 ಹೊಗೆ ನಿಯಮದ ಪಿಕಪ್ಪಿನಲ್ಲಿ ವೋಲ್ಟೇಜ್ ಕುಸಿಯಿತೆಂದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಈ ಎರಡು ಕಾಲಗಳ ನಡುವೆ ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಆಟೋ ಎಲೆಕ್ಟ್ರಿಷಿಯನ್ನರ ವಿದ್ಯೆ ಬೆಳೆದ ಬಗೆಯನ್ನು ಒಂದೇ ಪ್ರಶ್ನೆ ಹಿಡಿದು ನೋಡಬಹುದು: ಅಳೆಯಬೇಕಾದ್ದು ಎಲ್ಲಿ?

ಮೊದಲ ಉತ್ತರ, ಬ್ಯಾಟರಿಯ ಹೊಟ್ಟೆಯೊಳಗೆ. ಮುಚ್ಚಳ ತಿರುಗಿಸಿ ಹೈಡ್ರೋಮೀಟರಿಗೆ ಆಸಿಡ್ ಎಳೆದರೆ, ಪೂರ್ತಿ ಚಾರ್ಜ್ ಆದ ಸೆಲ್ಲು 1.260ರಿಂದ 1.280 ಸಾಪೇಕ್ಷ ಸಾಂದ್ರತೆ ತೋರಿಸಬೇಕು. ಆರರಲ್ಲಿ ಒಂದೇ ಸೆಲ್ಲು ತೀರಾ ಕೆಳಗಿದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತೆಂದೇ ಲೆಕ್ಕ. ಕಡೂರು ಸೀಮೆಯ ಬಿಸಿಲಿಗೆ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಬದಲು ಬೋರ್‌ವೆಲ್ ನೀರು ಸುರಿದು ಪ್ಲೇಟು ಕೆಡಿಸಿಕೊಂಡವರೂ ಉಂಟು. ಮುಚ್ಚಳವೇ ಇಲ್ಲದ ಮೇಂಟೆನೆನ್ಸ್-ಫ್ರೀ ಬ್ಯಾಟರಿ ಬಂದಮೇಲೆ ಈ ಪರೀಕ್ಷೆ ಮೂಲೆಗೆ ಸೇರಿತು. ನನ್ನ ಮಟ್ಟಿಗೆ ಅದು ನಷ್ಟವೇ. ಒಂದೊಂದು ಸೆಲ್ಲಿನ ಹಣೆಬರಹ ಹೇಳುವಷ್ಟು ಅಗ್ಗದ ಸಾಧನ ಮತ್ತೆ ಬರಲಿಲ್ಲ.

ಡೈನಮೊ ಹೋಗಿ ಆಲ್ಟರ್ನೇಟರ್ ಬಂದಾಗ ಗಮನ ಬ್ಯಾಟರಿಯ ಟರ್ಮಿನಲ್ಲಿಗೆ ಸರಿಯಿತು. ನಿಂತ ಗಾಡಿಯಲ್ಲಿ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.5, ಎರಡು ಬ್ಯಾಟರಿಯ ಲಾರಿ, ಬಸ್ಸುಗಳಲ್ಲಿ ಇದರ ಎರಡರಷ್ಟು. ಮೀಟರ್ ಇಲ್ಲದವರಿಗೆ ಬೇರೆ ದಾರಿಯಿತ್ತು: ಪೆಟ್ರೋಲ್ ಇಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು, ಗಾಡಿ ಆಫ್ ಆಗದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವುದು. ಕಾರ್ಬ್ಯುರೇಟರ್ ಕಾಲ ಇದನ್ನು ಸಹಿಸಿಕೊಂಡಿತು. ಬ್ಯಾಟರಿಯ ಆಸರೆ ತಪ್ಪಿದ ಆಲ್ಟರ್ನೇಟರ್ ಕ್ಷಣಮಾತ್ರಕ್ಕೆ 80 ವೋಲ್ಟಿನವರೆಗೂ ಚಿಮ್ಮಬಲ್ಲದು. ಈಗಿನ ಗಾಡಿಗಳಲ್ಲಿ ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಸುಡಲು ಅಷ್ಟು ಸಾಕು. 24 ವೋಲ್ಟಿನ ಲಾರಿಯಿಂದ ಕಾರಿಗೆ ಜಂಪ್ ಕೊಡುವುದು, ಬ್ಯಾಟರಿ ಬಿಚ್ಚದೆ ಪಿಕಪ್ಪಿನ ಬಾಡಿಗೆ ವೆಲ್ಡಿಂಗ್ ಮಾಡುವುದು ಇದೇ ಜಾತಿಯ ಚಾಳಿಗಳು.

ಆಮೇಲಿನ ಬದಲಾವಣೆ ಕಾನೂನಿನ ಬೆನ್ನೇರಿ ಬಂತು. ಹೊಗೆ ನಿಯಂತ್ರಣದ ನೆಪದಲ್ಲಿ 2010ರ ಏಪ್ರಿಲ್‌ನಿಂದ ಗಾಡಿ ತನ್ನ ದೋಷವನ್ನು ತಾನೇ ಗುರುತಿಸುವ ಒಬಿಡಿ ವ್ಯವಸ್ಥೆಯ ಮೊದಲ ಹಂತ, 2013ರಿಂದ ಎರಡನೆಯದು, 2020ರ ಏಪ್ರಿಲ್ 1ರಿಂದ ಬಿಎಸ್-6. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಬಂತು. ಅದರ 16ನೇ ಪಿನ್ನಿಗೆ ಬ್ಯಾಟರಿಯ ಪ್ಲಸ್, 4ನೆಯದಕ್ಕೆ ಬಾಡಿ ಅರ್ಥ್. ಬಾಷ್ 1986ರಲ್ಲಿ ಹೊರತಂದ ಕ್ಯಾನ್ ಜಾಲದಲ್ಲಿ ಗಾಡಿಯ ಬೇರೆಬೇರೆ ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಪರಸ್ಪರ ಮಾತಾಡತೊಡಗಿದವು. ಈಗ ಇಸಿಯುವೇ ತನಗೆ ಬರುವ ವೋಲ್ಟೇಜನ್ನು ಅಳೆದುಕೊಂಡು, ಕಮ್ಮಿಯಾದರೆ ಪಿ0562, ಹೆಚ್ಚಾದರೆ ಪಿ0563 ಎಂದು ಬರೆದಿಡುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಕುಸಿದರೆ ಮಾಡ್ಯೂಲುಗಳು ರೀಸೆಟ್ ಆಗಿ, ಒಂದಕ್ಕೊಂದು ಸಂಪರ್ಕ ತಪ್ಪಿದೆಯೆಂದು ‘ಯು’ ಸಾಲಿನ ಕೋಡುಗಳನ್ನು ರಾಶಿ ಹಾಕುತ್ತವೆ. ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಆ ಪಟ್ಟಿ ಓದಿ ಇಸಿಯು ಬದಲಿಸಲು ಹೊರಡುವುದು ದುಬಾರಿ ತಪ್ಪು. ಬ್ಯಾಟರಿ ಚಾರ್ಜ್ ಮಾಡಿ, ಕೋಡು ಅಳಿಸಿ, ಮತ್ತೆ ಯಾವುದು ಮರಳುತ್ತದೆ ಎಂದು ನೋಡಬೇಕು.

ಇಸಿಯು ಹೇಳುವುದು ತನಗೆ ಎಷ್ಟು ತಲುಪಿತು ಎಂಬುದನ್ನಷ್ಟೇ. ದಾರಿಯಲ್ಲಿ ಎಲ್ಲಿ ಸೋರಿತು ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಹುಡುಕಲು ವೋಲ್ಟೇಜ್ ಡ್ರಾಪ್ ಟೆಸ್ಟ್ ಬೇಕು. ಮೀಟರಿನ ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಪ್ರೋಬ್ ಇಂಜಿನ್ ಬ್ಲಾಕಿಗೆ ಒತ್ತಿ ಸೆಲ್ಫ್ ಹೊಡೆಯಬೇಕು. 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ. ಒಂದು ವೋಲ್ಟ್ ದಾಟಿತೋ, ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿ: ತರೀಕೆರೆಯ ಮಳೆಗಾಲ ಕಂಡ ಗಾಡಿಯಾದರೆ ಹಸಿರು ಕಿಲುಬು, ತುಕ್ಕು ಕಣ್ಣಿಗೇ ಬೀಳುತ್ತದೆ. ಸೆಲ್ಫ್ 150 ಆಂಪಿಯರ್ ಎಳೆಯುವಾಗ ಕೀಲಿನಲ್ಲಿ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಮಾಯ. ಉಪ್ಪುಕಾಗದ ತಿಕ್ಕಿದರೆ ಮುಗಿಯುವ ಕೆಲಸ.

ಇಸಿಯುವಿನ ಪವರ್ ಪಿನ್ನಿನಲ್ಲಿ ಇನ್ನೊಂದು ಮೋಸವಿದೆ. ವೈರಿನ ಒಂದೇ ಎಳೆ ಉಳಿದಿದ್ದರೂ ಡಿಜಿಟಲ್ ಮೀಟರ್ ನಿಶ್ಚಿಂತೆಯಿಂದ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಕನೆಕ್ಟರ್ ಕಳಚಿ ಪವರ್ ಮತ್ತು ಅರ್ಥ್ ನಡುವೆ 21 ವ್ಯಾಟಿನ ಬಲ್ಬ್ ಹಿಡಿದರೆ ಅದು ಸುಮಾರು 1.75 ಆಂಪಿಯರ್ ಕೇಳುತ್ತದೆ. ಸೋತ ವೈರಿದ್ದರೆ ಮಂಕಾಗುತ್ತದೆ. ಹೀಗೆ ಹಳೆಯ ಟೆಸ್ಟ್ ಲ್ಯಾಂಪ್ ಮತ್ತೆ ಕೆಲಸಕ್ಕೆ ಬಂತು. ಸೆನ್ಸರ್ ವೈರುಗಳಿಗೆ ಮಾತ್ರ ಅದನ್ನು ತಾಗಿಸಲೇಬಾರದು.

ನಿಂತ ಗಾಡಿಯಲ್ಲೂ ಸೋರಿಕೆಯುಂಟು. ಲಾಕ್ ಮಾಡಿ ನಿಲ್ಲಿಸಿದ ಗಾಡಿ 50 ಮಿಲಿ ಆಂಪಿಯರ್‌ವರೆಗೆ ಎಳೆದರೆ ತಕರಾರಿಲ್ಲ. ಮ್ಯೂಸಿಕ್ ಸಿಸ್ಟಮ್ಮಿಗೋ ಎಲ್‌ಇಡಿ ಪಟ್ಟಿಗೋ ಸಿಕ್ಕ ವೈರಿನಿಂದ ಕನೆಕ್ಷನ್ ಕೊಟ್ಟು ಅದು 500ಕ್ಕೆ ಏರಿದರೆ ದಿನಕ್ಕೆ 12 ಆಂಪಿಯರ್ ಅವರ್ ಖರ್ಚು. 60ರ ಬ್ಯಾಟರಿ ಐದು ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಅಳೆಯುವ ಮುನ್ನ ಮಾಡ್ಯೂಲುಗಳು ನಿದ್ದೆಗೆ ಜಾರಲು ಅರ್ಧ ಗಂಟೆ ಬಿಡಬೇಕು. ಆ ತಾಳ್ಮೆ ಅಂಗಡಿಯಲ್ಲಿ ಎಲ್ಲಿಂದ ಬರಬೇಕು!

ಹೊಸ ಗಾಡಿಗಳಲ್ಲಿ 14 ವೋಲ್ಟಿನ ಸೂತ್ರವೂ ಸಡಿಲಗೊಂಡಿದೆ. ಮೈನಸ್ ಟರ್ಮಿನಲ್ಲಿನ ಸೆನ್ಸರ್ ನೋಡಿಕೊಂಡು ಇಸಿಯು ಆಲ್ಟರ್ನೇಟರನ್ನು ಏರಿಳಿಸುವ ಕಡೆ, ಓಡುವಾಗ 12.8 ಕಂಡರೂ ದೋಷವೆನ್ನಲಾಗದು. ಟ್ರ್ಯಾಕ್ಟರುಗಳ ಲೆಕ್ಕ ಬೇರೆ: 2023ರ ಜನವರಿಯಿಂದ ಬಂದ ಟ್ರೆಮ್-4 ಹೊಗೆ ನಿಯಮ 50 ಎಚ್‌ಪಿ ಮೀರಿದವಕ್ಕೆ ಮಾತ್ರ. 50 ಎಚ್‌ಪಿಯೊಳಗಿನ, ಯಾಂತ್ರಿಕ ಪಂಪಿನ ಟ್ರ್ಯಾಕ್ಟರಿನಲ್ಲಿ ಸ್ಕ್ಯಾನರ್ ಚುಚ್ಚಲು ಸಾಕೆಟ್ಟೇ ಇಲ್ಲ. ಅಲ್ಲಿ ಅರ್ಥ್ ಪಟ್ಟಿ ಬಿಚ್ಚಿಯೇ ನೋಡಬೇಕು.