ಕೋಡಿ ಇಲ್ಲದ ಕಟ್ಟಡ

2022ರ ಸೆಪ್ಟೆಂಬರ್ 4ರ ರಾತ್ರಿ ಶುರುವಾದ ಮಳೆ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಸುರಿದಿತ್ತು. ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಕಡೆ ಜನರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರಗೆ ಕರೆತಂದರು. ಅದೇ ಹೊತ್ತಿಗೆ ಅತ್ತ ಬೆಂಗಳೂರಿಗೆ ಕಾವೇರಿ ನೀರು ಎತ್ತಿ ಕಳಿಸುವ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ, ಮುಳುಗಿ ಕುಳಿತ ಊರಿಗೇ ಕುಡಿಯುವ ನೀರಿಗೆ ತತ್ವಾರವಾಯಿತು. ಇಂಥ ಮಳೆ ಬಂದರೆ ಯಾರು ತಾನೆ ಏನು ಮಾಡಿಯಾರು ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಆದರೆ 1988ರ ಸೆಪ್ಟೆಂಬರ್ 12ರ ಲೆಕ್ಕ ತೆಗೆದರೆ ಅಂದು ಒಂದೇ ದಿನ 177.6 ಮಿಲಿಮೀಟರ್ ಬಿದ್ದಿದೆ. ಹವಾಮಾನ ಕೆಟ್ಟಿರುವುದು, ಸುರಿದರೆ ಒಮ್ಮೆಗೇ ಸುರಿಯುವುದು ಸುಳ್ಳಲ್ಲ. ಆದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ, ಪಕ್ಕದಲ್ಲಿ ದೊಡ್ಡ ನದಿಯೊಂದೂ ಇಲ್ಲದೆ ಕೂತಿರುವ ಊರು ಮುಳುಗಿದರೆ ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಹೆಚ್ಚಾದ ನೀರಿಗೆ ದಾರಿ ಬಿಡುವ ಒಂದು ಹಳೆಯ ಕೆಲಸ ಈ ಊರಲ್ಲಿತ್ತು. ಆ ಕೆಲಸ ನಿಂತುಹೋದ ಜಾಗದಲ್ಲೇ ಅಪಾರ್ಟ್‌ಮೆಂಟುಗಳು ಎದ್ದಿವೆ.

ಕೆರೆ ಎಂದರೆ ನಮಗೆ ನೀರು ಕೂಡಿಡುವ ಜಾಗ. ಕಟ್ಟುವವರಿಗೆ ಮಾತ್ರ ಅದು ತುಂಬಿ ಮಿಕ್ಕಿದರೆ ಏನು ಗತಿ ಎಂಬುದೇ ಮೊದಲ ಚಿಂತೆ. ಮಣ್ಣಿನ ಏರಿಯ ನೆತ್ತಿ ಹತ್ತಿ ನೀರು ಹರಿಯಿತೋ, ಕೊರೆದು ಒಡೆದೇ ತೀರುತ್ತದೆ. ಅದಕ್ಕೆ ಏರಿಯ ಒಂದು ತುದಿಯಲ್ಲಿ, ನೆಲ ಗಟ್ಟಿಯಿರುವ ಕಡೆ ನೋಡಿ, ಏರಿಗಿಂತ ತಗ್ಗಾಗಿ ಕಲ್ಲು ಹಾಸಿ ಕೋಡಿ ಕಟ್ಟುತ್ತಿದ್ದರು. ಎಷ್ಟೋ ಕೋಡಿಗಳ ಮೇಲೆ ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಮಳೆಗಾಲ ಮುಗಿಯುತ್ತ ಬಂದಾಗ ಅವುಗಳ ನಡುವೆ ಮಣ್ಣು, ಹುಲ್ಲಿನ ಹೆಂಟೆ ತುರುಕಿ ಇನ್ನೊಂದು ಗೇಣು ನೀರು ಹಿಡಿಯಬಹುದು. ಮತ್ತೆ ಮಳೆ ಜೋರಾದರೆ ಆ ಮಣ್ಣನ್ನು ಕಿತ್ತು ದಾರಿ ಬಿಡಬೇಕು. ಆಸೆಗೂ ಅಪಾಯಕ್ಕೂ ನಡುವಿನ ಅಂತರ ಆ ಒಂದು ಗೇಣು. ಕೋಡಿ ಬಿದ್ದ ದಿನ ಊರಿಗೆ ಹಬ್ಬ, ಗಂಗೆಗೆ ಬಾಗಿನ. ಅಲ್ಲಿಂದ ಇಳಿದ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತಿತ್ತು. ಯಲಹಂಕದ್ದು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಅಲ್ಲಾಳಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಎನ್ನುವಾಗ ನಮ್ಮ ಬಾಯಲ್ಲಿ ಸವೆದು ಉಳಿದಿರುವ 'ಸಂದ್ರ' ಹಿಂದೆ 'ಸಮುದ್ರ'ವಾಗಿತ್ತು, ಎಂದರೆ ದೊಡ್ಡ ಕೆರೆ.

ಈ ಏರ್ಪಾಡು ತಾನಾಗಿ ನಡೆಯುತ್ತಿರಲಿಲ್ಲ. ಏರಿಗೆ ಮಣ್ಣು ಹೊರುವ ಬಂಡಿಗಳ ಖರ್ಚಿಗೆಂದು ಭೂಮಿ ಬಿಟ್ಟದ್ದನ್ನು ಕರ್ನಾಟಕದ ಶಾಸನಗಳು ಹೇಳುತ್ತವೆ. ಬಿತ್ತುವಟ್ಟ, ದಸವಂದ ಎಂಬ ಹೆಸರುಗಳು ಆ ಲೆಕ್ಕಕ್ಕೇ ಸೇರಿದವು. ತೂಬು ಎತ್ತಿ ಇಳಿಸಲು, ಏರಿಯ ಮೇಲೆ ಕಣ್ಣಿಡಲು ನೀರುಗಂಟಿ ಇದ್ದ. ಇದನ್ನೆಲ್ಲ ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಬಹಳ ಊರುಗಳಲ್ಲಿ ನೀರುಗಂಟಿಕೆ ದಲಿತರ ಪಾಲಿನ ಚಾಕರಿ. ಸುರಿವ ಮಳೆಯಲ್ಲಿ ರಾತ್ರಿಯಿಡೀ ಏರಿ ಕಾದವನ ಗದ್ದೆಗೆ ಎಷ್ಟು ನೀರು ಸಿಗುತ್ತಿತ್ತು ಎಂದು ಕೇಳಿದರೆ ಉತ್ತರ ಹಿತವಾಗಿರುವುದಿಲ್ಲ. ಕೆರೆಗಳು ಒಡೆಯುತ್ತಲೂ ಇದ್ದವು. ಒಂದು ಒಡೆದರೆ ಕೆಳಗಿನದರ ಮೇಲೆ ಎರಡು ಕೆರೆಯ ಭಾರ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಇಲ್ಲಿನ ನೆಲದ ಸುಮಾರು ಶೇಕಡಾ 60 ಭಾಗ ಕೆರೆಗಳ ಜಾಲಕ್ಕೆ ಒಳಪಟ್ಟಿದೆ ಎಂದು ಬೆರಗಾಗಿ ಬರೆದಿದ್ದ. ಇಂಥ ಕಡೆ ಒಂಟಿ ಕೆರೆಯ ದುರಸ್ತಿಗೆ ಅರ್ಥವಿಲ್ಲ, ಸಾಲಿಗೆ ಸಾಲೇ ಗಟ್ಟಿಯಾಗಬೇಕು. ನೆರೆಗೆ ಸಿದ್ಧತೆ ಎಂದರೆ ಆಗ ಮೇಲಿನವರ ಕೋಡಿಯನ್ನೂ ಕೆಳಗಿನವರ ಏರಿಯನ್ನೂ ಒಟ್ಟಿಗೆ ನೋಡುವುದು.

1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯದು, 1970ರ ದಶಕದಲ್ಲಿ ಕಾವೇರಿ. ಊರೊಳಗಿನ ಕೆರೆ ಯಾರ ದಾಹಕ್ಕೂ ಬೇಡವಾಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಚಲ್ಲಘಟ್ಟದಲ್ಲಿ ಗಾಲ್ಫ್ ಆಡುತ್ತಾರೆ. ಕೆರೆ ಹೋದದ್ದಕ್ಕೆ ಅಳುವವರು ಬೇಕಾದಷ್ಟಿದ್ದಾರೆ. ಕೋಡಿ ನೀರಿನ ಹಾದಿ ಹೋದದ್ದನ್ನು ಗಮನಿಸಿದವರು ಕಡಿಮೆ. ಗದ್ದೆಬಯಲಿನ ನಡುವಿನ ಆ ರಾಜಕಾಲುವೆ ವರ್ಷದ ಬಹುಕಾಲ ಒಣಗಿರುತ್ತಿತ್ತು, ನೋಡಿದವರಿಗೆ ಅದು ಬರೀ ಖಾಲಿ ಜಾಗ. ಅಂಥ ತಗ್ಗಿನಲ್ಲಿ ಬಂದ ಬಹುಮಹಡಿಗಳು ಇನ್ನೂ ಕೆಳಕ್ಕೆ ಅಗೆದವು. ಕಾರು ನಿಲ್ಲಿಸುವ ಬೇಸ್‌ಮೆಂಟು ಕಟ್ಟಡದ ವಿಸ್ತೀರ್ಣದ ಮಿತಿಗೆ ಲೆಕ್ಕವಾಗದು, ಅಗೆದಷ್ಟೂ ಲಾಭ. ಹಾಗೆ ಅಗೆದ ಗುಂಡಿಯಲ್ಲೇ ಸಂಪು, ಪಂಪು, ವಿದ್ಯುತ್ ಪ್ಯಾನೆಲ್ಲು, ಕೊಳಚೆ ಶುದ್ಧೀಕರಣದ ತೊಟ್ಟಿ. ನೀರು ಎಲ್ಲಕ್ಕಿಂತ ಮೊದಲು ಮುಟ್ಟುವ ಕಡೆಯೇ ಇಡೀ ಕಟ್ಟಡದ ಜೀವ. ಕಾನೂನಿನ ದೃಷ್ಟಿಯೂ ಕಾಂಪೌಂಡಿನಾಚೆ ಹೋಗುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಬೇಸ್‌ಮೆಂಟು, ತೋಟ, ಟ್ಯಾಂಕು, ಪಂಪು, ಮೋಟಾರುಗಳನ್ನು ಹೆಸರಿಸಿ ಎಲ್ಲರಿಗೂ ಸೇರಿದ್ದೆನ್ನುತ್ತದೆ. ನೀರುಗಂಟಿಯ ಹೊಣೆ ಎರಡು ಊರುಗಳ ನಡುವೆ ಹರಡಿತ್ತು. ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಹೊಣೆ ಗೇಟಿಗೆ ಮುಗಿಯಿತು.

ಹಾಗಾಗಿಯೇ ಇಂದಿನ ಸಿದ್ಧತೆಯ ಪಟ್ಟಿ ಹೀಗಿದೆ: ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿನ ಬಾಯಿಗೆ ಸಿಮೆಂಟಿನ ಉಬ್ಬು, ಮರಳಿನ ಮೂಟೆ, ಡೀಸೆಲ್ ಪಂಪು. ಇವು ಬೇಡವೆನ್ನಲಾಗದು. ಪ್ಯಾನೆಲ್ಲನ್ನು ಮೇಲಿನ ಅಂತಸ್ತಿಗೆ ಏರಿಸಿದವರಿಗೆ ನೀರಿಳಿದ ಮೇಲೆ ದೀಪ ಬೇಗ ಹತ್ತುತ್ತದೆ. ಕೊಳಚೆ ಬೆರೆತ ಸಂಪನ್ನು ಬರಿದು ಮಾಡಿ, ತಿಕ್ಕಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯದೆ ನಲ್ಲಿ ತಿರುಗಿಸಿದರೆ ನೆರೆಯ ಹಿಂದೆಯೇ ವಾಂತಿಭೇದಿ ಬರುತ್ತದೆ. ಆದರೆ ಇಳಿಜಾರಿನ ಆ ಉಬ್ಬನ್ನು ಸರಿಯಾಗಿ ನೋಡಿ, ಅದೊಂದು ಪುಟ್ಟ ಏರಿ. ಅದಕ್ಕೆ ಕೋಡಿ ಎಲ್ಲಿ? ಪಂಪು ಎತ್ತಿ ಬೀದಿಗೆ ಸುರಿದ ನೀರು ಪಕ್ಕದ ಗೇಟಿಗೆ ಹೋಗುತ್ತದೆ, ಅಲ್ಲಿನ ಪಂಪು ಅದನ್ನು ವಾಪಸು ಕಳಿಸುತ್ತದೆ.

ನಕ್ಷೆಗೆ ಮಂಜೂರಾತಿ ಕೊಟ್ಟದ್ದು ಸರ್ಕಾರ, ಮನೆ ಕೊಂಡವರದೇನು ತಪ್ಪು ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಲುವೆಯ ಅಗಲ ಕಾಯಬೇಕಾದ್ದು ಆಡಳಿತ, ಸಾಲ ಮಾಡಿ ಫ್ಲಾಟು ಕೊಂಡವರಲ್ಲ. ಆದರೆ ತಪ್ಪು ಯಾರದೆಂದು ತೀರ್ಮಾನವಾಗುವತನಕ ನೀರು ಕಾಯುವುದಿಲ್ಲ. ಯಲಹಂಕದ ಕೇಂದ್ರೀಯ ವಿಹಾರದಲ್ಲಿ 600ರಷ್ಟು ಮನೆಗಳು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಅಲ್ಲಿಯವರನ್ನು ದೋಣಿಯಲ್ಲಿ ಸಾಗಿಸಿದರು. ಬೇಸ್‌ಮೆಂಟು ಬರಿದಾಯಿತು, ಕೆಸರು ತೊಳೆದರು, ಬದುಕು ಮತ್ತೆ ನಡೆಯಿತು. 2024ರ ಅಕ್ಟೋಬರಿನಲ್ಲಿ ಅದೇ ಆವರಣಕ್ಕೆ ಮತ್ತೆ ದೋಣಿ ಬಂತು. ಕಾಂಪೌಂಡಿನೊಳಗೆ ಎಷ್ಟೇ ಚೇತರಿಸಿಕೊಂಡರೂ ಕೆರೆಗೆ ತನ್ನ ಹಾದಿ ಸಿಕ್ಕಿರಲಿಲ್ಲ. 2022ರ ಮಳೆಯ ಬೆನ್ನಿಗೆ ರಾಜಕಾಲುವೆಯ ಒತ್ತುವರಿ ಅಳೆಯಲು ಹೊರಟ ಸರ್ವೆಯವರಿಗೆ ಆಧಾರವಾದದ್ದೂ ಹಳೆಯ ಗ್ರಾಮ ನಕಾಶೆಯೇ. ಗದ್ದೆ, ಹಳ್ಳ, ಏರಿ ಎಲ್ಲ ಅದರಲ್ಲಿವೆ. ಕಾಲುವೆಯದೊಂದು ಗೀಟು, ಅದನ್ನು ಹಿಡಿದು ನಡೆದರೆ ಕೆಲವು ಕಡೆ ಎದುರಾಗುವುದು ಗೋಡೆ.