ಆರ್‌ಐಎಂಸಿ ಸಂದರ್ಶನಕ್ಕೆ ಉತ್ತರ ಬಾಯಿಪಾಠ ಮಾಡಿದರೆ ಸಾಕೇ?

ಡೆಹ್ರಾಡೂನ್‌ನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು, ಅಂದರೆ ಆರ್‌ಐಎಂಸಿ, ಎಂಟನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ವಸತಿ ಶಾಲೆ. ಲಿಖಿತ ಪರೀಕ್ಷೆಗೆ 400 ಅಂಕ. ಅದರಲ್ಲಿ ಪಾಸಾದವರಿಗಷ್ಟೇ 50 ಅಂಕಗಳ ಸಂದರ್ಶನ. ಬರೀ 50 ತಾನೇ ಎನ್ನಬೇಡಿ, ಅದರಲ್ಲೂ ಕನಿಷ್ಠ ಶೇ. 50 ಬರಲೇಬೇಕು.

ಈ ಭಯಕ್ಕೇ ಪಾಲಕರು ಇಂಗ್ಲಿಷ್ ಉತ್ತರಗಳನ್ನು ಉರು ಹೊಡೆಸುತ್ತಾರೆ. 'ನನ್ನ ಹವ್ಯಾಸ ಓದು' ಎಂದ ಮಗುವಿಗೆ 'ಈಚೆಗೆ ಏನು ಓದಿದೆ?' ಎಂದು ಕೇಳಿದರೆ ಕಲಿತ ಪಾಠ ಅಲ್ಲಿಗೇ ಮುಗಿಯುತ್ತದೆ. ಹಾಸ್ಟೆಲಿಗೆ ಹೋಗಲು ನಿನಗೆ ಇಷ್ಟವೇ ಎಂದು ಮನೆಯಲ್ಲಿ ಯಾರೂ ಕೇಳಿರದಿದ್ದರಂತೂ 'ಯಾಕೆ ಬಂದೆ?' ಎಂಬ ಪ್ರಶ್ನೆಯೇ ಕಷ್ಟ. ಅದನ್ನು ಮೊದಲು ಕೇಳಿ.

ಆಮೇಲೆ ದಿನಾ ಹತ್ತು ನಿಮಿಷ ಊರು, ಆಟ, ಪತ್ರಿಕೆಯ ಸುದ್ದಿ ಬಗ್ಗೆ ಮಾತಾಡಿಸಿ. ಕನ್ನಡದಲ್ಲೇ ಶುರುಮಾಡಿ, ನಿಧಾನಕ್ಕೆ ಇಂಗ್ಲಿಷಿಗೆ ಬನ್ನಿ. ತಿಳಿಯದ್ದಕ್ಕೆ 'ಗೊತ್ತಿಲ್ಲ ಸರ್' ಎನ್ನುವುದೂ ರೂಢಿಯಾಗಲಿ.